ಚಕ್ರದ ಮೇಲಿನ ಅಳತೆ

ಜನವರಿ ೯

ಮಾಮನಿಗೆ ನಮಸ್ಕಾರ.

ಕಾಗದ ಯಾರದೆಂದು ನೋಡಲು ನೀವು ಮೊದಲು ಕೊನೆಯ ಸಾಲಿಗೆ ಹೋಗುತ್ತೀರಿ, ನೋಡಿದ ಕೂಡಲೇ ಮಡಚಿ ಇಟ್ಟುಬಿಡುತ್ತೀರಿ ಎಂದು ನನಗೆ ಹೆದರಿಕೆ. ಅದಕ್ಕೆ ಇಲ್ಲೇ ಹೇಳಿಬಿಡುತ್ತೇನೆ. ನಾನು ವೆಲ್ಡಿಂಗ್ ಶೆಡ್ಡಿನವರ ಮಗಳು. ನೀವು ಗುಬ್ಬಿ ಎಂದು ಕರೆಯುತ್ತಿದ್ದವಳು. ನೀವು ಊರು ಬಿಟ್ಟಾಗ ನನಗೆ ಹನ್ನೊಂದು ವರ್ಷ. ಈಗ ಇಪ್ಪತ್ತು.

ನಿಮ್ಮ ವಿಳಾಸ ಕೊಟ್ಟವರು ನೂಲಿನ ಅಂಗಡಿಯವರು. ನಾನು ಬರೆಯುತ್ತಿರುವುದು ಅಪ್ಪನಿಗೆ ಗೊತ್ತಿಲ್ಲ.

ಅಪ್ಪ ಕಟ್ಟಿದ ಕಾರು ಇನ್ನೂ ಶೆಡ್ಡಿನಲ್ಲೇ ಇದೆ. ನಿಮ್ಮಿಬ್ಬರಿಗೂ ಜಗಳವಾದ ದಿನ ಸ್ಟ್ಯಾಂಡಿನ ಮೇಲೆ ಹತ್ತಿದ್ದು ಮತ್ತೆ ಇಳಿದಿಲ್ಲ. ಪೈಪು ಬಗ್ಗಿಸಿ ಮಾಡಿದ ಚಾಸಿ, ತಗಡು ಬಡಿದು ಮಾಡಿದ ಮೈ, ಗುಜರಿ ವ್ಯಾನಿನಿಂದ ಬಿಚ್ಚಿ ತಂದ ಇಂಜಿನ್ನು, ಎರಡೇ ಎರಡು ಸೀಟು. ಎಲ್ಲಾ ಇದೆ, ಮೇಲೆ ಮಡಚುವ ಬಟ್ಟೆಯ ಹುಡ್ಡು ಒಂದಿಲ್ಲ. ಹುಡ್ಡಿಲ್ಲದ ಕಾರಿಗೆ ರಸ್ತೆಗಿಳಿಯುವ ಕಾಗದ ಕೊಡುವುದಿಲ್ಲ ಎಂದು ವಾಹನ ತಪಾಸಣೆ ಕಚೇರಿಯವರು ಹೇಳಿದ್ದು ನಿಮಗೂ ಗೊತ್ತಲ್ಲ. ನೀವು ಹೋದ ಮೇಲೆ ಅಪ್ಪ ಬೇರೆ ಯಾರನ್ನೂ ಅದರ ಹತ್ತಿರ ಬಿಟ್ಟಿಲ್ಲ.

ಈಗ ಅವಸರ ಬಂದಿದೆ. ಅಪ್ಪನ ಕಣ್ಣು ಹೋಗುತ್ತಿದೆ. ಎದುರಿಗಿರುವುದು ಕಾಣುತ್ತದೆ, ಪಕ್ಕದ್ದು ಕಾಣುವುದಿಲ್ಲ, ಅದರಲ್ಲೂ ಎಡಗಡೆಯದು. ಹೋದ ನೋಟ ಮರಳಿ ಬರುವುದಿಲ್ಲ ಎಂದರು ಡಾಕ್ಟರು. ಲೈಸೆನ್ಸು ಜೂನ್ ಮೂವತ್ತರವರೆಗೆ ಇದೆ. ಅಲ್ಲಿಯವರೆಗೆ ಪಕ್ಕದಲ್ಲಿ ಯಾರಾದರೂ ಕೂತು, ಹಗಲು ಹೊತ್ತು, ನಿಧಾನವಾಗಿ ಓಡಿಸಬಹುದಂತೆ. ಆಮೇಲೆ ಕಣ್ಣಿನ ಪರೀಕ್ಷೆ. ಅದರಲ್ಲಿ ಅಪ್ಪ ಪಾಸಾಗುವುದಿಲ್ಲ.

ತನ್ನ ಕೈಯಿಂದ ಕಟ್ಟಿದ ಕಾರನ್ನು ಅಪ್ಪ ಒಂದು ಸಲವೂ ರಸ್ತೆಯಲ್ಲಿ ಓಡಿಸಿಲ್ಲ. ಜೂನ್ ಮೂವತ್ತರೊಳಗೆ ಒಂದು ಸಲ ಓಡಿಸಬೇಕು. ಇಷ್ಟೇ ನನ್ನ ಹಟ.

ಹುಡ್ಡನ್ನು ನಾನೇ ಹೊಲಿಯುತ್ತೇನೆ. ಆರು ವರ್ಷದಿಂದ ಚೀಲದ ಕಾರ್ಖಾನೆಯಲ್ಲಿದ್ದೇನೆ, ದಪ್ಪ ಬಟ್ಟೆಯ ಮೆಷಿನ್ನು ನನ್ನ ಮಾತು ಕೇಳುತ್ತದೆ. ಆದರೆ ಚೀಲ ಬೇರೆ, ಹುಡ್ಡು ಬೇರೆ, ಅದು ನಿಮ್ಮ ಕೈಯ ಕೆಲಸ. ನೀವು ಬರಬೇಕಾಗಿಲ್ಲ, ಅಪ್ಪನ ಜೊತೆ ಮಾತಾಡಬೇಕಾಗಿಲ್ಲ. ಕಾಗದದಲ್ಲಿ ಹೇಳಿಕೊಡಿ ಸಾಕು. ಎದುರಿಗೆ ನಿಂತು ಕೇಳುವ ಧೈರ್ಯ ನನಗೂ ಇಲ್ಲ.

ಉತ್ತರವನ್ನು ಕಾರ್ಖಾನೆಯ ವಿಳಾಸಕ್ಕೆ ಹಾಕಿ.

ನಿಮ್ಮ
ಗುಬ್ಬಿ


ಜನವರಿ ೨೧

ಗುಬ್ಬಿಗೆ,

ನಿನ್ನ ಕಾಗದ ಬಂದು ಆರು ದಿನವಾಯಿತು. ನಾಲ್ಕು ದಿನ ಅದನ್ನು ಮೆಷಿನ್ನಿನ ಡ್ರಾಯರಿನಲ್ಲಿ ಇಟ್ಟಿದ್ದೆ.

ನಾನೀಗ ಕಾರಿನ ಕೆಲಸ ಮಾಡುವುದಿಲ್ಲ. ಅಕ್ಕನ ಮನೆಯ ಪಕ್ಕದಲ್ಲಿ ಒಂದು ಕೋಣೆ ಹಿಡಿದು ಲಾರಿಗಳ ಟಾರ್ಪಾಲು ಹೊಲಿಯುತ್ತೇನೆ. ಲಾರಿಗೆ ಅಹಂಕಾರವಿಲ್ಲ. ನಾಲ್ಕು ಬೆರಳು ಹೆಚ್ಚಾದರೆ ಹಗ್ಗ ಬಿಗಿದುಕೊಂಡು ಹೋಗುತ್ತದೆ.

ನಿಮ್ಮಪ್ಪನ ಕಾರಿಗೆ ಹುಡ್ಡು ಬೇಕಾದರೆ ಆಕಾಶವೇ ಇದೆಯಲ್ಲ, ಅಳತೆ ಹಿಡಿಯುವ ತೊಂದರೆಯೂ ಇಲ್ಲ. ಹೀಗೆ ಬರೆದು ಮುಗಿಸೋಣ ಎಂದಿದ್ದೆ. ಕಣ್ಣಿನ ಸಂಗತಿ ಓದಿದ ಮೇಲೆ ಮುಗಿಸಲಿಕ್ಕೆ ಆಗಲಿಲ್ಲ.

ಮೂರು ಪ್ರಶ್ನೆ. ನಾನು ಬಿಟ್ಟು ಬಂದ, ಹುಡ್ಡು ಹೊರುವ ಪೈಪಿನ ಕಮಾನುಗಳು ಇವೆಯೋ, ಅವನು ಕೋಪಕ್ಕೆ ಕರಗಿಸಿಬಿಟ್ಟನೋ? ಮುಂದಿನ ಗಾಜು ಅದೇ ಹಳೆಯದೋ? ನಿನ್ನ ಮೆಷಿನ್ನಿನ ಸೂಜಿ ಎಷ್ಟು ಮಡಿಕೆ ಕ್ಯಾನ್ವಾಸು ದಾಟುತ್ತದೆ? ಸುಳ್ಳು ಹೇಳಬೇಡ, ಸೂಜಿ ಮುರಿದಾಗ ನನಗೆ ಗೊತ್ತಾಗುತ್ತದೆ.

ಇತಿ
ಸೂಜಿ ಮಾಮ


ಫೆಬ್ರವರಿ ೩

ಮಾಮನಿಗೆ ನಮಸ್ಕಾರ.

ಕಮಾನು ಮೂರೂ ಕರಗಿ ಹೋಗಿವೆ. ಅಪ್ಪ ಅವುಗಳಿಂದ ಗೇಟು ಮಾಡಿದರಂತೆ. ಗಾಜು ಹಳೆಯದೇ. ನನ್ನ ಮೆಷಿನ್ನು ಆರು ಮಡಿಕೆ ದಾಟುತ್ತದೆ, ಏಳನೆಯದಕ್ಕೆ ಗೊಣಗುತ್ತದೆ.

ಹುಡ್ಡು ಹೊಲಿಯುತ್ತೇನೆಂದು ಮನೆಯಲ್ಲಿ ಹೇಳಿದೆ. ನಿಮ್ಮ ವಿಷಯ ಹೇಳಲಿಲ್ಲ. ಅಪ್ಪ ಊಟದ ತಟ್ಟೆಯಿಂದ ತಲೆ ಎತ್ತದೆ, “ಚೀಲ ಹೊಲಿಯೋಳು ಕಾರಿಗೆ ಹುಡ್ಡು ಹೊಲೀತಾಳಂತೆ. ಎರಡು ಹಿಡಿನೂ ಹಾಕಮ್ಮಾ, ಕೈಯಲ್ಲಿ ಹಿಡ್ಕೊಂಡು ಪೇಟೆಗೆ ಹೋಗ್ಬರೋಣ” ಎಂದರು.

ಅಮ್ಮ ಒಲೆಯ ಹತ್ತಿರದಿಂದಲೇ, “ಹದಿನಾಲ್ಕು ವರ್ಷದಿಂದ ನನ್ನ ಸವತಿ ಶೆಡ್ಡಲ್ಲಿ ಕಾಲು ಚಾಚಿ ಕೂತಿದ್ದಾಳೆ. ಈಗ ಅವಳಿಗೆ ಕೊಡೆ ಬೇರೆ ಹಿಡೀಬೇಕಾ?” ಎಂದಳು.

ನಕ್ಕರು ಇಬ್ಬರೂ. ಕಣ್ಣಿನ ಮಾತು ಯಾರೂ ಆಡಲಿಲ್ಲ. ನಮ್ಮ ಮನೆಯಲ್ಲಿ ಆಡುವುದಿಲ್ಲ. ನೀರಿನ ಲೋಟವನ್ನು ಅಮ್ಮ ಅಪ್ಪನ ಬಲಗಡೆ ಇಡಲು ಶುರುಮಾಡಿದ್ದಾಳೆ, ಅಷ್ಟೇ. ಯಾಕೆ ಬಲಗಡೆ ಎಂದು ಅಪ್ಪ ಕೇಳಿಲ್ಲ.

ಕಾರ್ಖಾನೆಯವರು ಒಂದು ಸುರುಳಿ ಕಪ್ಪು ಕ್ಯಾನ್ವಾಸು ಕೊಟ್ಟಿದ್ದಾರೆ. ಅಂಚಿನಲ್ಲಿ ಬಣ್ಣ ಏರುಪೇರಾಗಿದೆ ಎಂದು ಪಕ್ಕಕ್ಕಿಟ್ಟದ್ದು. ನೀರು ಹಾಕಿ ನೋಡಿದೆ, ಇಳಿಯಲಿಲ್ಲ. ಇರುವುದು ಅಷ್ಟೇ ಬಟ್ಟೆ.

ಮೊದಲ ಕತ್ತರಿ ಎಲ್ಲಿ ಹಾಕಬೇಕು, ಹೇಳಿ.

ನಿಮ್ಮ
ಗುಬ್ಬಿ


ಫೆಬ್ರವರಿ ೧೫

ಗುಬ್ಬಿಗೆ,

ಕತ್ತರಿ ಮುಟ್ಟಬೇಡ. ಹುಡ್ಡಿನ ಕೆಲಸದಲ್ಲಿ ಕತ್ತರಿಗೆ ಕೊನೆಯ ಪಂಕ್ತಿ.

ಮೊದಲು ಕಮಾನು. ಗಾಜಿನ ಮೇಲಂಚಿನ ನಡುವಿನಿಂದ ಹಿಂದಿನ ಡಿಕ್ಕಿಯ ನಡುವಿಗೆ ಒಂದು ದಾರ ಕಟ್ಟು. ಕಮಾನು ನಿಂತ ಮೇಲೆ ಎಲ್ಲಾ ಅಳತೆಯೂ ಈ ದಾರದಿಂದ ಎಡಕ್ಕೆ, ಬಲಕ್ಕೆ. ಬಾಗಿಲಿನಿಂದ ಅಳೆದವನು ಕೆಟ್ಟ.

ಆಮೇಲೆ ಹಳೆಯ ಹಾಸಿಗೆ ಬಟ್ಟೆ ತಂದು ಕಮಾನಿನ ಮೇಲೆ ಹಾಸು. ಸುತ್ತಲೂ ಕ್ಲಿಪ್ಪು ಹಾಕಿ ಸುಕ್ಕು ತೆಗೆಯುತ್ತಾ ಬಾ. ಒಂದು ಕಡೆ ಎಳೆದರೆ ಎದುರು ಕಡೆಯೂ ಅಷ್ಟೇ ಎಳೆ. ಗುರುತನ್ನೆಲ್ಲ ಸೀಮೆಸುಣ್ಣದಲ್ಲಿ ಹಾಕು. ಹಾಸಿಗೆ ಬಟ್ಟೆಯಲ್ಲಿ ಸರಿಯಾದದ್ದು ಮಾತ್ರ ಕ್ಯಾನ್ವಾಸಿಗೆ ಹೋಗಬೇಕು. ಟಿಚ್ ಬಟನ್ನಿಗೆ ತೂತು ಕೊರೆಯುವುದು ಎಲ್ಲಕ್ಕಿಂತ ಕೊನೆಗೆ. ತಗಡಿನಲ್ಲಿ ಒಮ್ಮೆ ಬಿದ್ದ ತೂತು ಹೊಲಿದರೆ ಮುಚ್ಚುವುದಿಲ್ಲ.

ಜಗಳ ಏನಾಯಿತು ಎಂದು ನೀನು ಕೇಳಿಲ್ಲ. ಆದರೂ ಹೇಳುತ್ತೇನೆ, ಅವನ ಬಾಯಿಂದ ಕೇಳಿದ್ದು ಬೇರೆ ಇರುತ್ತದೆ.

ಆ ಕಾರಿಗೆ ನಾನು ಹೊಲಿದ ಹುಡ್ಡು ನಿಮ್ಮ ಶೆಡ್ಡಿನಲ್ಲಿ ಚರ್ಮದ ಹಾಗೆ ಕೂತಿತ್ತು. ನೀನೂ ನೋಡಿದ್ದೆ, ಬೆರಳಿನಿಂದ ಬಡಿದು ತಮಟೆ ತಮಟೆ ಎಂದು ಕುಣಿದಿದ್ದೆ. ಮರುದಿನ ಹುಡ್ಡು ಮಡಚಿಟ್ಟು, ಕಾರನ್ನು ಲಾರಿಗೆ ಕಟ್ಟಿ ತಪಾಸಣೆಗೆ ಎಳೆದುಕೊಂಡು ಹೋದೆವು. ಗೇಟಿನ ಹತ್ತಿರ ಹುಡ್ಡು ಏರಿಸಿದರೆ ಮುಂದಿನ ಅಂಚು ಗಾಜಿಗೆ ಮುಟ್ಟಲಿಲ್ಲ. ಒಂದು ಹೆಬ್ಬೆರಳು ಕಡಿಮೆ. ಹಿಂದೆ ಹತ್ತು ಗಾಡಿಗಳ ಸಾಲು. ನಿಮ್ಮಪ್ಪ ಅಷ್ಟು ಜನರ ಮುಂದೆ, “ಮೂವತ್ತು ವರ್ಷ ಕತ್ತರಿ ಹಿಡಿದೋನಿಗೆ ಅಳತೆ ಬರಲ್ಲ” ಎಂದ. ನಾನು, “ನನ್ನ ಹುಡ್ಡು ನೆಟ್ಟಗಿದೆ. ನಿನ್ನ ಕಾರೇ ಸೊಟ್ಟ” ಎಂದೆ. ಅವನು, “ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ” ಎಂದ. ಜನ ನಕ್ಕರು.

ನಾನು ಹುಡ್ಡನ್ನು ಅಲ್ಲೇ ಕಿತ್ತುಕೊಂಡು ಬಂದೆ. ಆ ನಗು ಕೇಳಿದವರ ಮನೆಗಳಿಗೆ ಮತ್ತೆ ಅಳತೆ ಹಿಡಿಯಲು ಹೋಗುವುದು ಹೇಗೆ? ಊರೇ ಬಿಟ್ಟೆ.

ಮೂರು ಸಲ ಅಳೆದಿದ್ದೆ ಗುಬ್ಬಿ. ಇವತ್ತಿಗೂ ಕಣ್ಣು ಮುಚ್ಚಿದರೆ ಟೇಪಿನ ಮೇಲಿನ ಅಂಕಿ ಕಾಣುತ್ತದೆ.

ಇತಿ
ಸೂಜಿ ಮಾಮ


ಮಾರ್ಚ್ ೧೨

ಮಾಮನಿಗೆ ನಮಸ್ಕಾರ.

ಸಿಕ್ಕಿಬಿದ್ದೆ.

ಭಾನುವಾರ ದಾರ ಕಟ್ಟಿ ನಿಂತಿದ್ದೆ. ಅಪ್ಪ ಶೆಡ್ಡಿಗೆ ಬಂದರು. ದಾರ ಅವರಿಗೆ ಕಾಣಲಿಲ್ಲ, ಕತ್ತಿಗೆ ತಗುಲಿತು. ಕೈಯಲ್ಲಿ ಹಿಡಿದು ಗಾಜಿನಿಂದ ಡಿಕ್ಕಿಯವರೆಗೆ ತಡವಿಕೊಂಡು ಹೋದರು. “ಈ ದಾರ ನಿಂಗೆ ಯಾರು ಹೇಳಿಕೊಟ್ರು?” ಎಂದರು. “ನಡೂಕೆ ದಾರ ಕಟ್ಟೋನು ಈ ಭೂಮಿ ಮೇಲೆ ಒಬ್ನೇ” ಎಂದು ಹೊರಗೆ ಹೋದರು.

ಮೂರನೆಯ ದಿನ ಕೆಲಸದಿಂದ ಬಂದು ನೋಡಿದರೆ ಶೆಡ್ಡಿನಲ್ಲಿ ಮೂರು ಹೊಸ ಕಮಾನು ಬಗ್ಗಿಸಿ ಗೋಡೆಗೆ ಒರಗಿಸಿದ್ದರು. ನಾನು ಪೈಪು ಬಾಗಿಸಲು ಯಾರ ಹತ್ತಿರ ಹೋಗಲಿ ಎಂದು ಒದ್ದಾಡುತ್ತಿದ್ದೆ.

“ಅಪ್ಪಾ, ಅಳತೆ ಹೇಗೆ ತಗೊಂಡ್ರಿ?”

“ನನ್ನ ಕಾರಿನ ಅಳತೆ ನನ್ನ ಕೈಗೆ ಗೊತ್ತು. ಅವನಿಗೆ ಬರೀತಿದ್ದೀಯಲ್ಲ, ಇದನ್ನೂ ಬರಿ. ಕಾರು ನೆಟ್ಟಗಿದೆ, ಕಮಾನೂ ನೆಟ್ಟಗಿದೆ. ಇನ್ನು ಏನಾದ್ರೂ ಸೊಟ್ಟ ಆದ್ರೆ ಅದು ಬಟ್ಟೆಯೋರದ್ದು.”

ಬರೆಯಬಾರದು ಎಂದುಕೊಂಡಿದ್ದೆ. ಆದರೆ ಒಂಬತ್ತು ವರ್ಷದಲ್ಲಿ ಅಪ್ಪ ನಿಮಗೆ ಹೇಳಿ ಕಳಿಸಿದ ಮೊದಲ ಮಾತು ಅಲ್ಲವೇ? ಅದಕ್ಕೆ ಬರೆದೆ.

ಹಾಸಿಗೆ ಬಟ್ಟೆಯ ಮಾದರಿ ಸುಕ್ಕಿಲ್ಲದೆ ಕೂತಿದೆ. ಅಮ್ಮನಿಗೆ ಈಗ ಹಾಸಲು ಬಟ್ಟೆ ಇಲ್ಲ. ನಾಳೆ ಕ್ಯಾನ್ವಾಸು ಕತ್ತರಿಸಲೇ?

ನಿಮ್ಮ
ಗುಬ್ಬಿ


ಮಾರ್ಚ್ ೨೩

ಗುಬ್ಬಿಗೆ,

ಕತ್ತರಿಸು. ಅಂಚಿಗೆ ಎರಡು ಬೆರಳು ಹೆಚ್ಚು ಬಿಡು. ಹೊಲಿದ ತೂತಿಗೆ ಮೇಣ ಸವರು. ಮೇಣ ಮತ್ತು ಬಟನ್ನು ಹೊಡೆಯುವ ಅಚ್ಚು ಈ ಪೊಟ್ಟಣದಲ್ಲಿದೆ. ಅಚ್ಚು ನನ್ನ ಗುರುಗಳದ್ದು, ಸುತ್ತಿಗೆಯಲ್ಲಿ ಮೆಲ್ಲಗೆ ಹೊಡೆ.

ಸುತ್ತಿಗೆ ಎಂದಾಗ ನೆನಪಾಯಿತು. ಶೆಡ್ಡಿನ ಕಾಲದಲ್ಲಿ ನಿಮ್ಮಪ್ಪನನ್ನು ನಾನು ಹಾಗೇ ಕರೆಯುತ್ತಿದ್ದೆ. ಸುತ್ತಿಗೆಗೆ ಹೇಳು: ಮೀಸೆ ಮಣ್ಣಾಗಿಲ್ಲ ಎನ್ನುವ ಜಟ್ಟಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಬಟ್ಟೆಯವರು ಸೊಟ್ಟವಾದರೆ ಬಿಚ್ಚಿ ಹೊಲಿಯುತ್ತಾರೆ. ಕಬ್ಬಿಣದವರು ಏನು ಮಾಡುತ್ತಾರೆ?

ಕಮಾನು ಚೆನ್ನಾಗಿ ಬಗ್ಗಿಸಿರುತ್ತಾನೆ. ಅದನ್ನು ಹೇಳಬೇಡ.

ಇತಿ
ಸೂಜಿ ಮಾಮ


ಏಪ್ರಿಲ್ ೧೭

ಮಾಮ,

ಹುಡ್ಡು ಮುಟ್ಟಲಿಲ್ಲ.

ಕ್ರಮವಾಗಿ ಬರೆಯುತ್ತೇನೆ. ಈ ಕಾಗದ ನಿಮಗೆ ಎಲ್ಲಕ್ಕಿಂತ ಮುಖ್ಯ, ಅವಸರದಲ್ಲಿ ಓದಬೇಡಿ.

ಹೊಲಿದು ಮುಗಿದದ್ದು ಏಪ್ರಿಲ್ ಹತ್ತಕ್ಕೆ. ಶೆಡ್ಡಿನಲ್ಲಿ ಏರಿಸಿದೆ. ಒಂದು ಸುಕ್ಕಿಲ್ಲ. ಅಪ್ಪ ಅಂಗೈಯಿಂದ ಸವರಿ ನೋಡಿದರು, ಸಾಲು ಸಾಲಾಗಿ ಹೊಲಿಗೆ ಮುಟ್ಟಿ ನೋಡಿದರು, “ಹ್ಞೂಂ” ಎಂದರು. ಅಪ್ಪನ ಬಾಯಿಂದ ಹ್ಞೂಂ ಬರುವುದು ಎಂದರೆ ಬೇರೆಯವರು ಹಾರ ಹಾಕಿದ ಹಾಗೆ. ಬಟನ್ನಿಗೆ ತೂತು ಕೊರೆಯುವ ಮೊದಲು ಕಾರು ಇಳಿಸಿ ಒಮ್ಮೆ ಅಂಗಳಕ್ಕೆ ತಳ್ಳೋಣ, ಬೆಳಕಿನಲ್ಲಿ ನೋಡೋಣ ಎಂದೆ. ಜಾಕಿ ಕೊಟ್ಟು ಸ್ಟ್ಯಾಂಡು ತೆಗೆದು ಚಕ್ರದ ಮೇಲೆ ಇಳಿಸಿದೆವು. ಅಂಗಳದಲ್ಲಿ ಹುಡ್ಡು ಏರಿಸಿದರೆ ಮುಂದೆ ಒಂದು ಹೆಬ್ಬೆರಳು ಕಡಿಮೆ.

ಅಪ್ಪ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಎರಡನೇ ಸಲ” ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ನಾನು ಹೋಗಿ ಕಾರಿನ ಸೀಟಿನಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಅಮ್ಮ ಬಂದು, “ಅತ್ತು ಮುಗಿದಿದ್ರೆ ಆ ಕಡೆ ಸರಿ” ಎಂದು ಪಕ್ಕದ ಸೀಟಿನಲ್ಲಿ ಕೂತಳು. ಹದಿನಾಲ್ಕು ವರ್ಷದಲ್ಲಿ ಅಮ್ಮ ಆ ಕಾರಿನಲ್ಲಿ ಕೂತದ್ದು ಅದೇ ಮೊದಲು. ಅಮ್ಮ ತೂಕದವಳು, ನಿಮಗೆ ಗೊತ್ತು. ಅವಳು ಕೂತ ಕ್ಷಣದಲ್ಲಿ ನನ್ನ ಕಣ್ಣೆದುರಿಗೇ ಹುಡ್ಡಿನ ಅಂಚು ಗಾಜಿನ ಕಡೆಗೆ ಸರಿಯಿತು. ಅರ್ಧ ಹೆಬ್ಬೆರಳು.

“ಅಮ್ಮಾ, ಏಳು.” ಎದ್ದಳು. ಅಂಚು ಹಿಂದೆ ಹೋಯಿತು. “ಕೂತ್ಕೋ.” ಕೂತಳು. ಮುಂದೆ ಬಂತು. “ಏಳು.”

“ಏನೇ ಇದು, ಶಾಲೆಯಲ್ಲಿ ಶಿಕ್ಷೆ ಕೊಟ್ಟ ಹಾಗೆ!”

ಟೇಪು ತಂದೆ. ಗಾಜಿನ ಅಂಚಿನಿಂದ ಡಿಕ್ಕಿಯವರೆಗೆ ನೇರವಾಗಿ ಅಳೆದೆ. ಖಾಲಿ ಕಾರು ಚಕ್ರದ ಮೇಲೆ: ನೂರಾ ಇಪ್ಪತ್ತು ಸೆಂಟಿಮೀಟರ್. ಇಬ್ಬರು ಕೂತಾಗ: ನೂರಾ ಹತ್ತೊಂಬತ್ತು. ಆಮೇಲೆ ಅಮ್ಮ ಮತ್ತು ನಾನು ಜಾಕಿ ತಿರುಗಿಸಿ ಕಾರನ್ನು ಮತ್ತೆ ನಾಲ್ಕು ಸ್ಟ್ಯಾಂಡಿನ ಮೇಲೆ ಎತ್ತಿದೆವು. ಸ್ಟ್ಯಾಂಡಿನ ಮೇಲೆ: ನೂರಾ ಹದಿನೆಂಟು.

ಕಾರು ಬಾಗುತ್ತದೆ ಮಾಮ. ಸ್ಟ್ಯಾಂಡು ಕೊಟ್ಟಿರುವುದು ಚಾಸಿಯ ಎರಡೂ ತುದಿಗೆ, ಚಕ್ರಕ್ಕಿಂತ ಆಚೆಗೆ. ಹಾಗೆ ನಿಲ್ಲಿಸಿದಾಗ ಹೊಟ್ಟೆ ಕೆಳಗೆ ಜಗ್ಗಿ ಮೇಲೆ ಗಾಜಿಗೂ ಡಿಕ್ಕಿಗೂ ನಡುವಿನ ಬಾಯಿ ಕಿರಿದಾಗುತ್ತದೆ. ಚಕ್ರಕ್ಕೆ ಇಳಿಸಿದ ಕೂಡಲೇ ಹೊಟ್ಟೆ ಎದ್ದು ಬಾಯಿ ತೆರೆದುಕೊಳ್ಳುತ್ತದೆ.

ನಿಮ್ಮ ಹುಡ್ಡೂ ಸ್ಟ್ಯಾಂಡಿನ ಮೇಲೆ ಅಳೆದದ್ದೇ ಅಲ್ಲವೇ? ನಿಮ್ಮ ಅಳತೆ ಸರಿಯಾಗಿತ್ತು. ಅಪ್ಪನ ಕಾರೂ ಸೊಟ್ಟವಲ್ಲ.

ಮೂರು ಅಂಕಿಯನ್ನು ಸೀಮೆಸುಣ್ಣದಲ್ಲಿ ಶೆಡ್ಡಿನ ಬಾಗಿಲ ಮೇಲೆ ದೊಡ್ಡದಾಗಿ ಬರೆದಿಟ್ಟೆ. ಸಂಜೆ ಅಪ್ಪ ಬಂದು ಅದರ ಎದುರು ನಿಂತರು. ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ಓದಿದರು. ಅಮ್ಮ ಹಿಂದಿನಿಂದ, “ನೆಲ ನಿಜವಾಗ್ಲೂ ಡೊಂಕೇ ಇತ್ತಲ್ರೀ” ಎಂದಳು.

ಈಗ ನನ್ನ ಹುಡ್ಡು ಚಿಕ್ಕದು. ಬಟ್ಟೆ ಮುಗಿದಿದೆ. ಉಳಿದಿರುವುದು ಒಂದು ಗೇಣಿನ ಪಟ್ಟಿ ಮಾತ್ರ. ಜೂನ್ ಮೂವತ್ತಕ್ಕೆ ಇನ್ನು ಎಪ್ಪತ್ತನಾಲ್ಕು ದಿನ. ಮುಂದಿನ ಅಂಚಿಗೆ ಪಟ್ಟಿ ಜೋಡಿಸಿದರೆ ನೀರು ಇಳಿಯದ ಹಾಗೆ ಹೇಗೆ ಹೊಲಿಯುವುದು? ನಾನು ಬಿಡುವುದಿಲ್ಲ.

ಗುಬ್ಬಿ


ಏಪ್ರಿಲ್ ೨೮

ಗುಬ್ಬಿಗೆ,

ಮೂರು ಅಂಕಿಯನ್ನು ನಾನೂ ಗೋಡೆಯ ಮೇಲೆ ಬರೆದೆ. ಅಕ್ಕ ಬಂದು ಇದು ಯಾರ ಫೋನ್ ನಂಬರು ಎಂದು ಕೇಳಿದಳು.

ಒಂದು ವಿಷಯ ಹೇಳುತ್ತೇನೆ, ಬೇಕಾದರೆ ನಿಮ್ಮಪ್ಪನಿಗೆ ಓದಿ ಹೇಳು, ಬೇಡವಾದರೆ ಬಿಡು. ಗಾಡಿಯನ್ನು ಚಕ್ರದ ಮೇಲೆ ನಿಲ್ಲಿಸಿ ಅಳೆ ಎಂಬುದು ನನ್ನ ಗುರುಗಳು ಹೇಳಿಕೊಟ್ಟ ಮೊದಲ ಪಾಠ. ಅವತ್ತು ನಾನು ಕಾರು ಇಳಿಸು ಎಂದೆ. ಅವನು, “ಕೆಳಗೆ ಇನ್ನೂ ಬ್ರೇಕಿನ ಕೆಲಸ ಇದೆ, ಹಾಗೇ ಅಳತೆ ಹಿಡಿ” ಎಂದ. ನಾನು ಇನ್ನೊಂದು ಸಲ ಹೇಳಬೇಕಿತ್ತು. ಹೇಳಲಿಲ್ಲ. ಸ್ನೇಹಿತನ ಕಾರು, ಎಲ್ಲಿಗೆ ಹೋಗುತ್ತದೆ ಎಂದುಕೊಂಡೆ. ಮೂರು ಸಲ ಅಳೆದೆ ಎಂದು ಇಷ್ಟು ವರ್ಷ ಬೀಗಿದೆನಲ್ಲ, ಮೂರು ಸಲವೂ ತಪ್ಪು ಜಾಗದಲ್ಲಿ ನಿಂತು ಅಳೆದಿದ್ದೆ. ನಿನಗೆ ಪಾಠ ಹೇಳುವಾಗಲೂ ಅದೊಂದನ್ನೇ ಬಿಟ್ಟೆ. ಮನಸ್ಸಿಗೆ ಬೇಡವಾದದ್ದು ಕೈಗೂ ಮರೆತುಹೋಗುತ್ತದೆ ಕಾಣುತ್ತದೆ. ಆ ತಪ್ಪು ನನ್ನದು, ನಿನ್ನದಲ್ಲ.

ಪಟ್ಟಿಯ ವಿಷಯ. ಜೋಡಿಸಬಹುದು. ಮುಂದಿನ ಪಟ್ಟಿ ಮೇಲೆ, ಹಿಂದಿನ ಬಟ್ಟೆ ಕೆಳಗೆ. ಮಡಿಕೆಯ ಬಾಯಿ ಹಿಂದಕ್ಕೆ ನೋಡಬೇಕು. ಹೊಲಿಗೆ ಗಾಳಿಗೆ ಬೆನ್ನು ಹಾಕಿ ಕೂರಬೇಕು. ಎರಡು ಸಾಲು ಹೊಲಿಗೆ, ನಡುವೆ ಮೇಣದ ದಾರ. ಆರು ಮಡಿಕೆ ಬರುತ್ತದೆ, ನಿನ್ನ ಮೆಷಿನ್ನು ಗೊಣಗುವುದಿಲ್ಲ.

ಆದರೆ ಮೊದಲು ಕಾರು ಬಾಗುವುದು ನಿಲ್ಲಬೇಕು. ಇಲ್ಲದಿದ್ದರೆ ಹಳ್ಳಕ್ಕೆ ಇಳಿದಾಗಲೆಲ್ಲ ಬಟನ್ನು ಚಿಮ್ಮುತ್ತದೆ. ಅದು ಸೂಜಿಯ ಕೆಲಸವಲ್ಲ.

ಕೊನೆಯ ಅಳತೆ ತೆಗೆಯುವಾಗ ಸೀಟಿನಲ್ಲಿ ಇಬ್ಬರನ್ನು ಕೂರಿಸು. ಕಾರು ಓಡುವುದು ಜನ ಕೂತಾಗ.

ನಿನ್ನ
ಮಾಮ


ಮೇ ೨೪

ಮಾಮನಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ಅಪ್ಪನಿಗೆ ಪೂರ್ತಿ ಓದಿ ಹೇಳಿದೆ. ಬ್ರೇಕಿನ ಮಾತು ಬಂದಾಗ “ಹೌದು, ಹಾಗೆ ಅಂದಿದ್ದೆ” ಎಂದರು. ಬೆಳಿಗ್ಗೆ ಎದ್ದು ನೋಡಿದರೆ ಕಾರಿನ ಕೆಳಗೆ ಮಲಗಿ ಬೆರಳಿನಿಂದ ಚಾಸಿ ತಡಕುತ್ತಿದ್ದರು.

“ಇಲ್ಲಿ ಎರಡು ಅಡ್ಡಪೈಪು ಕೊಡಬೇಕು. ಅಷ್ಟಾದ್ರೆ ಬಾಗಲ್ಲ” ಎಂದರು. ಆಮೇಲೆ, “ಗುಬ್ಬೀ, ಎಡಗಡೆ ಅಂಚು ನಂಗೆ ಕಾಣಲ್ಲ ಕಣೆ” ಎಂದರು.

ಮನೆಯಲ್ಲಿ ಆ ಮಾತು ಬಂದದ್ದು ಅದೇ ಮೊದಲು. ನೆಲದ ಮೇಲೆ ಮಲಗಿ, ಮುಖ ಮೇಲೆ ಮಾಡಿಕೊಂಡು, ಕಾರಿಗೆ ಹೇಳಿದ ಹಾಗೆ ಹೇಳಿದರು.

ನಾನೂ ಇನ್ನೊಂದು ವೆಲ್ಡಿಂಗ್ ಮುಖವಾಡ ಹಾಕಿಕೊಂಡು ಪಕ್ಕದಲ್ಲಿ ಮಲಗಿದೆ. “ಸ್ವಲ್ಪ ಎಡಕ್ಕೆ. ಇನ್ನೂ. ಸಾಕು, ಅಲ್ಲೇ ಹೋಗಿ” ಎನ್ನುತ್ತಿದ್ದೆ, ಅಪ್ಪನ ಕೈ ಹೋಗುತ್ತಿತ್ತು. ನಾಲ್ಕು ದಿನ ಹಿಡಿಯಿತು. ಬೆಸುಗೆ ಚೆನ್ನಾಗಿಲ್ಲ, ಇರುವೆ ಸಾಲು ದಾರಿ ತಪ್ಪಿದ ಹಾಗಿದೆ. ಅಪ್ಪ ಮುಟ್ಟಿ ನೋಡಿ, “ಇಷ್ಟು ಕೆಟ್ಟ ಬೆಸುಗೆ ಕೆಲಸ ಕಲಿಯೋ ಕಾಲದಲ್ಲೂ ಹಾಕಿರಲಿಲ್ಲ. ಆದ್ರೆ ಕಿತ್ತು ಬರಲ್ಲ” ಎಂದರು. ಮತ್ತೆ ಅಳೆದೆವು. ಸ್ಟ್ಯಾಂಡಿನ ಮೇಲೆ, ಚಕ್ರದ ಮೇಲೆ, ಅಮ್ಮನ ಜೊತೆ, ಅಮ್ಮ ಇಲ್ಲದೆ. ಎಲ್ಲಾ ಸಲವೂ ಒಂದೇ ಅಂಕಿ, ಒಂದು ಕೂದಲು ಆಚೆ ಈಚೆ.

ಪಟ್ಟಿ ಜೋಡಿಸಿದ್ದೇನೆ. ಕೊನೆಯ ಅಳತೆಗೆ ಅಪ್ಪನನ್ನೂ ಅಮ್ಮನನ್ನೂ ಸೀಟಿನಲ್ಲಿ ಕೂರಿಸಿ ಎರಡು ಗಂಟೆ ಕ್ಲಿಪ್ಪು ಎಳೆದೆ. ಅವರಿಬ್ಬರ ಮಾತನ್ನು ಬರೆಯದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

“ಅಂತೂ ಕೂರಿಸಿದ್ರಲ್ಲ. ಎಲ್ಲಿಗೆ ಕರ್ಕೊಂಡು ಹೋಗ್ತೀರಿ?”

“ಅಲ್ಲಾಡಬೇಡ್ವೆ, ಅಳತೆ ಹಿಡೀತಿದ್ದಾಳೆ.”

“ಮದುವೆ ಆದಾಗಿಂದ ಇದೇ ಆಯ್ತು. ಹೊರಟ್ವಿ ಹೊರಟ್ವಿ ಅಂತೀರಿ, ಶೆಡ್ಡು ದಾಟಲ್ಲ.”

“ಈ ಸಲ ದಾಟ್ತೀವಿ.”

“ಯಾವ ಕಡೆಗೆ?”

“ನೇರ ಇರೋ ಕಡೆಗೆ.”

ಅಮ್ಮ ಆಮೇಲೆ ಅಲ್ಲಾಡಲಿಲ್ಲ.

ಬಟನ್ನು ಹೊಡೆದಾಯಿತು. ಅಚ್ಚು ತೊಳೆದು ಎಣ್ಣೆ ಹಚ್ಚಿ ಈ ಕಾಗದದ ಜೊತೆ ಕಳಿಸುತ್ತಿದ್ದೇನೆ. ಜೂನ್ ಹದಿಮೂರಕ್ಕೆ ತಪಾಸಣೆ. ಬೀದಿಯ ಕೊನೆಯ ಮನೆಯ ಲಾರಿಯವರು ಅಲ್ಲಿಯವರೆಗೆ ಎಳೆದುಕೊಂಡು ಬರುತ್ತಾರೆ. ಪಾಸಾದರೆ ಅಲ್ಲಿಂದ ಮನೆಯವರೆಗೆ ಹದಿನಾಲ್ಕು ಕಿಲೋಮೀಟರ್, ಅಪ್ಪ ಓಡಿಸುತ್ತಾರೆ. ನಾನು ಪಕ್ಕದಲ್ಲಿರುತ್ತೇನೆ.

ನಿಮ್ಮ
ಗುಬ್ಬಿ


ಜೂನ್ ೧೬

ಸೂಜಿ,

ಸುತ್ತಿಗೆ ಬರೆಯುತ್ತಿದ್ದೇನೆ. ಮಗಳು ತಾನು ಬರೆದುಕೊಡುತ್ತೇನೆ ಎಂದಳು, ಬೇಡ ಎಂದೆ. ಸಾಲು ಓರೆಯಾಗಿದ್ದರೆ ಕಾಗದವೇ ಬಾಗಿದೆ ಎಂದುಕೋ.

ತಪಾಸಣೆ ಅಧಿಕಾರಿ ಹೊಸಬ. ಹುಡ್ಡಿನ ಸುತ್ತ ಎರಡು ಸುತ್ತು ಬಂದ, ಬಕೆಟ್ಟಿನಲ್ಲಿ ನೀರು ಸುರಿಸಿದ. ಒಳಗೆ ಕೈಯಾಡಿಸಿ ನೋಡಿದರೆ ಒಣಗಿದ್ದು ಒಣಗಿದ ಹಾಗೇ ಇತ್ತು. “ಯಾರು ಹೊಲಿದದ್ದು?” ಎಂದು ಕೇಳಿದ. ಮಗಳು ನನ್ನ ಬೆನ್ನ ಹಿಂದೆ ಹೋದಳು. ನನ್ನ ಮಗಳು ಎಂದು ನಾನೇ ಹೇಳಿದೆ. ಕಾಗದಕ್ಕೆ ಮುದ್ರೆ ಬಿತ್ತು.

ಹೊರಗೆ ಬಂದಾಗ ಮಳೆ ಹನಿಯುತ್ತಿತ್ತು. ಹುಡ್ಡು ಏರಿಸಿದೆವು. ಮುಂದಿನ ಅಂಚು ತಾನಾಗಿ ಹೋಗಿ ಗಾಜಿನ ಮೇಲೆ ಕೂತಿತು. ನಾನು ಇಂಜಿನ್ನು ಚಾಲು ಮಾಡಿ ರಸ್ತೆಗೆ ಇಳಿಸಿದೆ.

ಹೇಗಿತ್ತು ಎಂದು ನೀನು ಕೇಳುತ್ತೀಯ. ಸ್ಟೇರಿಂಗು ಸ್ವಲ್ಪ ಬಲಕ್ಕೆ ಎಳೆಯುತ್ತದೆ. ಎರಡನೇ ಗೇರು ಬಿಗಿ. ಮೂರನೆಯದಕ್ಕೆ ಹೋದ ಮೇಲೆ ಏನೂ ಹೇಳಲಿಕ್ಕೆ ಬರುವುದಿಲ್ಲ, ಸೂಜಿ. ಮೂರನೆಯದಕ್ಕೆ ಹೋದ ಮೇಲೆ ನಾನು ಏನೇನೋ ಹಾಡಿದೆನಂತೆ, ಮಗಳು ಹೇಳಿದಳು.

ಐದು ಕಿಲೋಮೀಟರ್ ಬಂದಿದ್ದೆವು. “ಅಪ್ಪಾ, ನಿಲ್ಸಿ!” ಎಂದಳು. ನಿಲ್ಲಿಸಿದೆ. ಎಡಗಡೆಯಿಂದ ಒಬ್ಬ ಸೈಕಲ್ಲಿನವನು ದಾಟಿ ಹೋದ. ಗಾಜಿನ ಎದುರಿಗೆ ಬರುವವರೆಗೆ ನನಗೆ ಅವನು ಇರಲೇ ಇಲ್ಲ. ಅವನು ತಲೆ ತಗ್ಗಿಸಿಕೊಂಡು, ಮಳೆಗೆ ಬೈಯುತ್ತಾ ಹೋದ. ತಾನು ಉಳಿದುಕೊಂಡದ್ದು ಅವನಿಗೆ ಗೊತ್ತೇ ಆಗಲಿಲ್ಲ.

ಕಾರನ್ನು ಪಕ್ಕಕ್ಕೆ ಹಾಕಿ ಇಂಜಿನ್ನು ಆರಿಸಿದೆ. ಮಗಳು, “ಇನ್ನು ಒಂಬತ್ತೇ ಕಿಲೋಮೀಟರ್ ಅಪ್ಪಾ, ನಾನು ಹೇಳ್ತಾ ಬರ್ತೀನಿ” ಎಂದಳು. ಅವಳ ಹಟ ನಿನಗೆ ಗೊತ್ತಲ್ಲ. ಆದರೆ ಆ ಹಟ ಅವಳಿಗೆ ಎಲ್ಲಿಂದ ಬಂತು? ನಾನು ಕೆಳಗೆ ಇಳಿದೆ. ಹಿಂದೆ ಬರುತ್ತಿದ್ದ ಲಾರಿಯವನು ತನ್ನ ಲಾರಿಯನ್ನು ಅಲ್ಲೇ ರಸ್ತೆಬದಿಗೆ ಬಿಟ್ಟು ನನ್ನ ಕಾರು ಓಡಿಸಿದ. ಇರುವುದು ಎರಡು ಸೀಟು. ಹುಡ್ಡು ಹೊಲಿದವಳು ಬಸ್ಸಿನಲ್ಲಿ ಬಂದಳು.

ಮನೆಯ ಗೇಟಿನಲ್ಲಿ ನನ್ನ ಹೆಂಡತಿ ನಿಂತಿದ್ದಳು. ನಾನು ಇಳಿದು ಅವಳನ್ನು ಕೂರಿಸಿದೆ. ಲಾರಿಯವನು ಬೀದಿಯ ತುದಿಯವರೆಗೆ ಹೋಗಿ ತಿರುಗಿಸಿಕೊಂಡು ಬಂದ. ನಾನು ಗೇಟಿನ ಕಂಬ ಹಿಡಿದು ನೋಡುತ್ತಿದ್ದೆ. ಅದು ಓಡುವುದನ್ನು ಹೊರಗೆ ನಿಂತು ನೋಡಿದ್ದು ಮೊದಲ ಸಲ. ಎದುರಿಗೆ ಬರುತ್ತಿತ್ತಲ್ಲ, ಪೂರ್ತಿ ಕಂಡಿತು.

ಲೈಸೆನ್ಸನ್ನು ನಿನ್ನೆ ಕಚೇರಿಗೆ ಹೋಗಿ ಕೊಟ್ಟು ಬಂದೆ. ಇನ್ನೂ ಎರಡು ವಾರ ಇದೆಯಲ್ಲ ಎಂದರು ಅಲ್ಲಿಯವರು. ಇರಲಿ ಎಂದೆ.

ಇಷ್ಟು ಬರೆದದ್ದು ಒಂದು ಮಾತು ಹೇಳಲಿಕ್ಕೆ. ಬಟ್ಟೆಯ ಹುಡ್ಡು ಏರಿಸಿದ ಕಾರಿನಲ್ಲಿ ಎಡಗಡೆ ಹಿಂದೆ ಒಂದು ಮೂಲೆ ಕಾಣುವುದಿಲ್ಲ. ಎಲ್ಲಾ ಹುಡ್ಡಿಗೂ ಹಾಗೇ, ನಿನಗೆ ಗೊತ್ತು. ರಸ್ತೆಬದಿಯಲ್ಲಿ ಕೂತಿದ್ದಾಗ ಲಾರಿಯವನು, “ಏನಾಯ್ತು ಯಜಮಾನ್ರೇ, ಹುಡ್ಡು ಅಡ್ಡ ಬಂತಾ?” ಎಂದು ಕೇಳಿದ. ಹೌದು ಎನ್ನಬಹುದಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು.

ಹುಡ್ಡಿನದೇನೂ ತಪ್ಪಿಲ್ಲ ಎಂದೆ. ಹತ್ತು ಗಾಡಿಯವರು ಇರಲಿಲ್ಲ, ಒಬ್ಬನೇ ಇದ್ದ, ಆದರೂ ಗಟ್ಟಿಯಾಗಿ ಹೇಳಿದೆ.

ಅವತ್ತೂ ಹುಡ್ಡಿನ ತಪ್ಪಿರಲಿಲ್ಲ, ಸೂಜಿ.

ಇತಿ
ಸುತ್ತಿಗೆ